ಪ್ರಯೋಗಶಾಲೆಗೆ ಮನೆ ನೋಡಲು ಹೋದದ್ದು

ಯಾರ ಮನೆಗೆ ಹೋದರೂ ಕೂತ ಕೂಡಲೇ ನೀರು ಕೇಳುವ ಚಟ ನನಗಿದೆ. ಬಾಯಾರಿಕೆ ಇರಲಿ, ಇಲ್ಲದಿರಲಿ. ಬ್ಲೌಸಿನ ಅಳತೆಗೆ ಕರೆದವರ ಮನೆಯಲ್ಲಿ, ಬ್ಯಾಂಕಿನಲ್ಲಿ, ಒಮ್ಮೆ ಸೈಕಲ್ ಕಳೆದಾಗ ಪೊಲೀಸ್ ಠಾಣೆಯಲ್ಲಿ ಕೂಡ ಕೇಳಿದ್ದೇನೆ. ಠಾಣೆಯಲ್ಲಿ ಕೊಟ್ಟರು ಎನ್ನುವುದನ್ನೂ ಹೇಳಬೇಕು. 'ನಿನಗ ಸಕ್ಕರಿ ಕಾಯಿಲೆ ಬಂದೈತೇನು, ಒಮ್ಮೆ ತೋರಿಸ್ಕೋ' ಎಂದು ನನ್ನ ಯಜಮಾನರು ಗಂಗಾವತಿಯ ದವಾಖಾನೆಗಳ ಹೆಸರು ಹೇಳುತ್ತಿರುತ್ತಾರೆ. ಇದು ಕಾಯಿಲೆಯಲ್ಲ, ಅಜ್ಜಿ ಕಲಿಸಿದ ಪಾಠ ಎಂದರೆ ಅವರಿಗೆ ನಗು.

ಈಗೀಗ ಈ ಚಟ ನನಗೇ ಅಂಜಿಕೆ ತರುತ್ತದೆ. ಯಾಕೆಂದು ಹೇಳಲಿಕ್ಕೇ ಕೂತಿದ್ದೇನೆ. ಆದರೆ ನನ್ನದು ನೆಟ್ಟಗೆ ಹೇಳುವ ಬಾಯಿ ಅಲ್ಲ. ಅಲ್ಲಿಷ್ಟು ಇಲ್ಲಿಷ್ಟು ತಿರುಗಾಡಿ ಬರುತ್ತೇನೆ, ಸಹಿಸಿಕೊಳ್ಳಿ.

ನಮ್ಮ ಅಜ್ಜಿ ಮನೆ ನೋಡುವುದರಲ್ಲಿ ಯಲಬುರ್ಗಾ ಸೀಮೆಗೇ ಹೆಸರಾದವಳು. ನಮ್ಮ ಕಡೆ ಗಂಡಿನವರು ಹೆಣ್ಣು ನೋಡಿ ಒಪ್ಪಿದರೆ ಮಾತು ಮುಗಿಯುವುದಿಲ್ಲ. ಹೆಣ್ಣಿನ ಕಡೆಯ ಹಿರಿಯರು ನಾಲ್ಕು ಮಂದಿ ಗಂಡಿನ ಮನೆ ನೋಡಿ ಬರಬೇಕು. ಆ ನಾಲ್ವರಲ್ಲಿ ಅಜ್ಜಿ ಇಲ್ಲದಿದ್ದರೆ ಊರಿನವರಿಗೆ ಸಮಾಧಾನವಿರುತ್ತಿರಲಿಲ್ಲ. ಗಂಡಸರು ಅಲ್ಲಿ ಹೊಲ ಎಷ್ಟು, ಎತ್ತು ಎಷ್ಟು, ಬೋರಿನಲ್ಲಿ ನೀರು ಎಷ್ಟು ಎಂದು ಕೇಳುತ್ತ ಕೂತರೆ ಅಜ್ಜಿ ಸುಮ್ಮನೆ ಕಂಬಕ್ಕೆ ಒರಗಿ, 'ಯವ್ವಾ, ಬಿಸಲಾಗ ಬಂದೀನಿ, ನೀರು ಕೊಡ್ರಿ' ಎನ್ನುತ್ತಿದ್ದಳು. ಅಷ್ಟೇ ಅವಳ ಪರೀಕ್ಷೆ. ವಾಪಸ್ಸು ಬಸ್ಸಿನಲ್ಲಿ ಕೂತಾಗ 'ಕೊಡ್ರಿ' ಅಥವಾ 'ಬ್ಯಾಡ' ಎಂದು ಒಂದೇ ಮಾತು.

ನಾನು ಅವಳ ಸೆರಗು ಹಿಡಿದು ಅಂಥ ಎಷ್ಟೋ ಮನೆಗಳಿಗೆ ಹೋಗಿದ್ದೇನೆ. ಏಳನೆತ್ತೆ, ಅಂದರೆ ಏಳನೇ ಕ್ಲಾಸು, ಮುಗಿಸಿ ಸಾಲಿ ಬಿಟ್ಟವಳು, ಮನೆಯಲ್ಲಿ ಬೇರೆ ಕೆಲಸವೇನು? ಅಲ್ಲಿ ಚುರಮುರಿ, ಚಹಾ, ಕೆಲವು ಕಡೆ ಬೂಂದಿ ಸಿಗುತ್ತಿದ್ದವು. ನನ್ನ ಲಕ್ಷ್ಯವೆಲ್ಲ ಬೂಂದಿಯ ಮೇಲೆ. ಅಜ್ಜಿ ನೀರಿನಲ್ಲಿ ಏನು ನೋಡುತ್ತಾಳೆ ಎಂದು ಒಮ್ಮೆ ಕೇಳಿದ್ದಕ್ಕೆ ಅವಳು, 'ಲೋಟ ನೋಡಬ್ಯಾಡ. ತಂದ ಕೈ ನೋಡು. ಆ ಮನಿ ಸೊಸಿ ಬಾಯಿಲೆ ಏನೂ ಹೇಳಂಗಿಲ್ಲ, ಅಕಿ ಮಾತು ಲೆಕ್ಕಕ್ಕ ತಗೋಬಾರದು. ಕೈ ಮಾತ್ರ ಸುಳ್ಳು ಹೇಳಂಗಿಲ್ಲ ನೋಡು' ಎಂದಿದ್ದಳು. ಇದರಲ್ಲಿ ನಾನು ನೆನಪಿಟ್ಟುಕೊಂಡದ್ದು ನಡುವಿನ ಒಂದು ತುಂಡು ಮಾತ್ರ: ಸೊಸೆಯ ಮಾತು ಲೆಕ್ಕಕ್ಕೆ ಇಲ್ಲ. ಬಾಯಲ್ಲಿ ಬೂಂದಿ ಇದ್ದಾಗ ಕಿವಿ ಪೂರ್ತಿ ತೆರೆದಿರುವುದಿಲ್ಲ.

ನನ್ನ ತಂಗಿ ಗವಿಸಿದ್ದಮ್ಮ ನನಗಿಂತ ಬಹಳ ಚಿಕ್ಕವಳು. ಮನೆಯಲ್ಲಿ ಗವಿ ಎನ್ನುತ್ತೇವೆ. ನಮ್ಮೂರಿನದು ಎರೆ ಹೊಲ, ಮಳೆ ನಂಬಿದ ಜೋಳ, ಕಡಲೆ. ಬೇಸಿಗೆಯಲ್ಲಿ ಇಬ್ಬರೂ ಗಂಗಾವತಿ ಕಡೆ ಕಾಲುವೆ ದಂಡೆಯ ಊರಿನಲ್ಲಿದ್ದ ಸೋದರತ್ತೆಯ ಮನೆಗೆ ಹೋಗುತ್ತಿದ್ದೆವು. ಅಲ್ಲಿ ನೆಲದ ಮೇಲೆ ನೀರು ಹರಿಯುವುದೇ ನಮಗೆ ಜಾತ್ರೆ ಇದ್ದ ಹಾಗೆ. ಗದ್ದೆಯ ಅಂಚಿನಲ್ಲಿ ಬೆಳ್ಳಗೆ ಪುಡಿ ಎದ್ದಿರುತ್ತಿತ್ತು. ಸವಳು ಎನ್ನುತ್ತಾರೆ. ನೀರು ನಿಂತು ನಿಂತು ನೆಲದೊಳಗಿನ ಉಪ್ಪು ಮೇಲೆ ಬಂದು ಕೂರುತ್ತದೆ. ಅಲ್ಲಿ ಭತ್ತ ಏಳುವುದಿಲ್ಲ. ಗವಿ ಅದನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕುವಳು. ನಾನು ಬೆನ್ನಿಗೆ ಒಂದು ಕೊಡುವೆ. ಅವಳು ಅಳುತ್ತಲೇ, 'ಅಕ್ಕಾ, ಇದು ಉಪ್ಪೈತಿ. ಭತ್ತಕ್ಕ ಉಪ್ಪು ಬ್ಯಾಡ ಅಂದ್ರ, ಅದರ ಮಗ್ಗಲಾಗಿನ ಹುಲ್ಲು ಹೆಂಗ ಬದುಕೈತಿ?' ಎನ್ನುವಳು. ಹೊಡೆಸಿಕೊಂಡು ಪ್ರಶ್ನೆ ಕೇಳುವ ಮಗುವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಆ ಹುಲ್ಲಿನ ಪ್ರಶ್ನೆಯನ್ನೇ ಹಿಡಿದು ಅವಳು ಎಂ.ಎಸ್ಸಿ. ತನಕ ಓದಿದಳು. ಸವಳು ನೆಲದಲ್ಲಿ ಬದುಕುವ ಕಣ್ಣಿಗೆ ಕಾಣದ ಹುಳುಗಳ ಬಗ್ಗೆ ಸಂಶೋಧನೆ ಮಾಡುತ್ತೇನೆ ಎಂದಳು. ಯಾವುದೋ ದೊಡ್ಡ ಪರೀಕ್ಷೆ ಪಾಸಾದಳು, ಫೆಲೋಶಿಪ್ ಬಂತು, ಎರಡು ಕಡೆಯಿಂದ ಬಾ ಎಂಬ ಕರೆಯೂ ಬಂತು. ಒಂದು ನಮ್ಮ ಕಡೆಯದೇ ವಿಶ್ವವಿದ್ಯಾಲಯ, ನಾನು ಮದುವೆಯಾಗಿ ಬಂದ ಗಂಗಾವತಿಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ತಿರುಗಿ ಬರಬಹುದು. ಇನ್ನೊಂದು ರೈಲಿನಲ್ಲಿ ಹೋಗಬೇಕಾದ ದೊಡ್ಡ ಊರಿನ ದೊಡ್ಡ ಸಂಸ್ಥೆ.

'ಎಲ್ಲಿಗೆ ಹೋದ್ರೇನು, ಓದೋದು ನೀನಾ ಅಲ್ಲೇನು?' ಎಂದೆ.

'ಹಂಗಲ್ಲಕ್ಕಾ. ಊರಿಗಿಂತ ಗೈಡ್ ಮುಖ್ಯ.'

ಗೈಡ್ ಎಂದರೆ ನನಗೆ ಇಟಗಿಯ ಗುಡಿಯಲ್ಲಿ ಕಂಬಗಳನ್ನು ತೋರಿಸುತ್ತ ಮುಂದೆ ಮುಂದೆ ನಡೆಯುವವರು. ಹಾಗೆಂದು ಅಂದೆ ಕೂಡ. ಗವಿ ಹಣೆ ಬಡಿದುಕೊಂಡಳು. 'ಐದಾರು ವರ್ಷ ಅವರ ಕೈಯಾಗ ಇರೋದಕ್ಕಾ. ಅವರು ಸಹಿ ಹಾಕಿದ್ರ ಡಾಕ್ಟರೇಟ್, ಇಲ್ಲಂದ್ರ ಇಲ್ಲ. ಗಂಡ ಛಲೋ ಇಲ್ಲಂದ್ರ ತವರುಮನಿಗೆ ಬರಬಹುದು. ಗೈಡ್ ಛಲೋ ಇಲ್ಲಂದ್ರ ಎಲ್ಲಿಗೆ ಹೋಗ್ಲಿ?'

'ಹಂಗಾರ ಮನಿ ನೋಡಬೇಕು' ಎಂದೆ.

ನಾನು ಹೇಳಿದ್ದು ಚೇಷ್ಟೆಗೆ. ಅವಳು ಮಾತ್ರ ನನ್ನ ಕೈ ಹಿಡಿದುಕೊಂಡು, 'ಖರೇನ ಬಾ ಅಕ್ಕಾ. ಅಪ್ಪಗ ಬಸ್ಸು ಹತ್ತಿದ್ರ ತಲಿ ತಿರಗತೈತಿ. ನಾ ಗೈಡ್ ಕೂಡ ಮಾತಾಡ್ತಿರ್ತೀನಿ, ನೀ ಅಲ್ಲಿ ಓದೋ ಹುಡುಗ್ಯಾರ್ನ ಮಾತಾಡ್ಸು. ಹೆಂಗ ನೋಡ್ಕೋತಾರ, ಎಷ್ಟು ವರ್ಷಕ್ಕ ಮುಗಿಸಿ ಕಳಸ್ತಾರ, ಕೇಳು. ನಾ ಕೇಳಿದ್ರ ಹೇಳಂಗಿಲ್ಲ, ನಾಳೆ ನಾನೂ ಅಲ್ಲೇ ಬರಾಕಿ. ನಿನ್ನ ಮುಂದ ಬಾಯಿ ಬಿಡ್ತಾರ' ಎಂದಳು.

ನನ್ನ ಬದುಕಿನಲ್ಲಿ ಯಾರಾದರೂ ನನಗೆ ವಹಿಸಿದ ದೊಡ್ಡ ಕೆಲಸ ಅದೊಂದೇ.

ಮೊದಲು ಹತ್ತಿರದ ವಿಶ್ವವಿದ್ಯಾಲಯಕ್ಕೆ ಹೋದೆವು. ಅಲ್ಲಿಯ ಗೈಡ್ ಒಬ್ಬ ಮೇಡಂ. ತಲೆ ಅರ್ಧ ನರೆತಿತ್ತು. ಸೀರೆಯ ನೆರಿಗೆಯಲ್ಲಿ ಕಡಲೆಯಷ್ಟು ತೂತುಗಳಿದ್ದವು. ಹೊಲಿಗೆಯವಳ ಕಣ್ಣಿಗೆ ಮೊದಲು ಬೀಳುವುದು ಅದೇ. ಯಾವುದೋ ಆ್ಯಸಿಡ್ ಸಿಡಿದು ಸುಟ್ಟದ್ದಂತೆ. ಪ್ರಯೋಗಶಾಲೆಯ ಫ್ಯಾನು ತಿರುಗುವಾಗ ನರಳುತ್ತಿತ್ತು. ಇಬ್ಬರು ಹುಡುಗಿಯರು ಒಂದು ಮೂಲೆಯಲ್ಲಿ ಏನೋ ವಾದ ಮಾಡಿಕೊಂಡು ಮೇಡಂ ಎದುರಿಗೇ ಜೋರಾಗಿ ನಗುತ್ತಿದ್ದರು. ಹಿರಿಯರೆಂಬ ಅಂಜಿಕೆ ಇಲ್ಲವಲ್ಲ ಎನಿಸಿತು. ಮೇಡಂ ಗವಿಗೆ, 'ನೋಡವಾ, ನನ್ನ ಕಡೆ ದುಡ್ಡಿಲ್ಲ, ಹೊಸ ಮಶೀನ್ ಇಲ್ಲ. ತಪ್ಪು ಮಾಡಿದ್ರ ಬೈತೀನಿ' ಎಂದರು. ಮಗಳನ್ನು ಕೊಡಲು ಬಂದವರ ಎದುರು ಯಾರಾದರೂ ಹೀಗೆ ಮಾತಾಡುತ್ತಾರೆಯೇ?

ನಾನು ನನ್ನ ಪರೀಕ್ಷೆ ಶುರು ಮಾಡಿದೆ. 'ಮೇಡಂ, ಒಂದೀಟು ನೀರು ಕೊಡ್ರಿ.'

ಮೇಡಂ ತಲೆ ಎತ್ತದೆ, 'ಇಲ್ಲಿ ನೀರು ಕುಡಿಯಂಗಿಲ್ರಿ. ಹೊರಗ ವರಾಂಡದಾಗ ಫಿಲ್ಟರ್ ಐತಿ, ಅಲ್ಲೇ ಕುಡೀರಿ' ಎಂದರು.

ನೀರಿಲ್ಲ ಎಂದ ಮನೆ! ಅಜ್ಜಿ ಇದ್ದಿದ್ದರೆ ಹೊಸ್ತಿಲಿಂದಲೇ ತಿರುಗುತ್ತಿದ್ದಳು ಎಂದುಕೊಂಡೆ. ಆ ಮೇಜುಗಳ ಮೇಲೆಲ್ಲ ವಿಷದ ಶೀಶೆಗಳಿರುತ್ತವೆ, ಅದಕ್ಕೇ ಅಲ್ಲಿ ಏನನ್ನೂ ಬಾಯಿಗೆ ಹಾಕಲು ಬಿಡುವುದಿಲ್ಲ, ಮಕ್ಕಳ ಜೀವದ ಮೇಲೆ ಕಾಳಜಿ ಇರುವವರು ಮಾತ್ರ ಅದನ್ನು ಅಷ್ಟು ಕಟ್ಟುನಿಟ್ಟಾಗಿ ಹೇಳುತ್ತಾರೆ ಎಂದು ನನಗೆ ತಿಳಿಯುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಅವತ್ತು ಸಿಟ್ಟಿಗೆ ಆ ಹುಡುಗಿಯರನ್ನು ಮಾತಾಡಿಸಲೂ ಇಲ್ಲ.

ಆಮೇಲೆ ದೊಡ್ಡ ಊರು. ಅಲ್ಲಿಯ ಗೈಡ್ ಒಬ್ಬ ಸರ್, ಹೆಸರುವಾಸಿ ಮನುಷ್ಯ. ತಣ್ಣನೆಯ ಕೋಣೆ, ಗಾಜಿನ ಬಾಗಿಲು. 'ಬನ್ನಿ ಅಮ್ಮ, ಕೂತ್ಕೊಳ್ಳಿ' ಎಂದು ಎದ್ದು ನಿಂತರು. ಏಳನೆತ್ತೆ ಓದಿದವಳಿಗಾಗಿ ಅಷ್ಟು ದೊಡ್ಡ ಕುರ್ಚಿಯಿಂದ ಯಾರೂ ಎದ್ದಿರಲಿಲ್ಲ. ಅವರ ಕಪಾಟಿನಲ್ಲಿ ಕಿನ್ನಾಳದ ಬಣ್ಣದ ಗೊಂಬೆ ಇತ್ತು. 'ನಿಮ್ಮ ಕಡೆಯದೇ ಅಲ್ವಾ ಅಮ್ಮ?' ಎಂದರು. ನಾನು ಅಲ್ಲೇ ಕರಗಿದೆ. 'ನಮ್ಮ ಲ್ಯಾಬ್ ಅಂದ್ರೆ ಒಂದು ಕುಟುಂಬ ಇದ್ದ ಹಾಗೆ. ನಿಮ್ಮ ತಂಗಿ ಇನ್ಮೇಲೆ ಈ ಮನೆ ಮಗಳು' ಎಂದರು. ಕುಟುಂಬ ಎಂದರೆ ಏನೆಂದು ಬೇರೆಯವರಿಗೆ ಗೊತ್ತಿರದಿದ್ದರೂ, ಒಂದು ಮನೆಯ ಸೊಸೆಯಾಗಿ ನನಗೆ ಗೊತ್ತಿರಬೇಕಿತ್ತು.

ಅಲ್ಲಿ ನೀರು ಕೇಳುವ ಮೊದಲೇ ಬಂತು. ಗಾಜಿನ ಲೋಟ, ಹೊಳೆಯುವ ತಟ್ಟೆ, ಹಿಂದೆಯೇ ಕಪ್-ಬಸಿಯಲ್ಲಿ ಚಹಾ. ತಂದವಳು ಸೇವಕಿಯಲ್ಲ, ಆರು ವರ್ಷದಿಂದ ಅಲ್ಲೇ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿನಿ. ಎಂಥ ಸಂಸ್ಕಾರ ಎಂದು ಮೆಚ್ಚಿದೆ. ಲೋಟದ ತಳ ನೋಡಿದೆ, ಕಲೆ ಇಲ್ಲ. ತಟ್ಟೆಯ ಮೇಲೆ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದದ್ದು ಕೇಳಿಸಿತು. ಆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕೈ ನೋಡಲಿಲ್ಲ.

ಸರ್ ಮತ್ತು ಗವಿ ಮಾತಿಗೆ ಕೂತಾಗ ಆ ಹುಡುಗಿ ನನ್ನನ್ನು ಹೊರಗಿನ ಓಣಿಯಂಥ ಜಾಗದಲ್ಲಿದ್ದ ಕುರ್ಚಿಗೆ ಕರೆತಂದಳು. 'ಹೆಂಗದಾರವ್ವಾ ನಿಮ್ಮ ಸರ್?' ಎಂದೆ.

'ಛಲೋ ಅದಾರ್ರಿ' ಎಂದಳು, ಗಾಜಿನ ಬಾಗಿಲ ಕಡೆ ನೋಡುತ್ತ. ನನ್ನ ಮಾತಿನ ಧಾಟಿ ಕೇಳಿ ಕಣ್ಣು ಅರಳಿಸಿ, 'ಅಕ್ಕಾರ, ಯಾವ ಕಡಿಯವರು ನೀವು? ನಾನೂ ಕೊಪ್ಪಳದಾಕೀರಿ' ಎಂದಳು. ಆಮೇಲೆ ಬಗ್ಗಿ ನನ್ನ ಬಸಿ ತೆಗೆದುಕೊಳ್ಳುವ ನೆವದಲ್ಲಿ ಗಡಬಡಿಸಿ ಹೇಳಿದಳು: 'ಅಕ್ಕಾರ, ನಿಮ್ಮ ತಂಗೀನ ಇಲ್ಲಿ ಬಿಡಬ್ಯಾಡ್ರಿ. ನಾ ಬರೆದು ಕೊಟ್ಟು ವರ್ಷ ಆತು, ಇನ್ನೂ ತೆರೆದು ನೋಡಿಲ್ಲ. ನಾ ಮಾಡಿದ ಕೆಲಸಕ್ಕ ಮುಂದ ಬ್ಯಾರೇದವರ ಹೆಸರು ಹಾಕ್ಯಾರ. ಹಬ್ಬಕ್ಕ ಊರಿಗೆ ಬಿಡಂಗಿಲ್ಲ. ಅವರ ಮಗನ್ನ ಟ್ಯೂಷನ್‌ದಿಂದ ಕರ್ಕೊಂಡು ಬರಾಕಿನೂ ನಾನಾ. ಬ್ಯಾರೆ ಕಡಿ ನೋಡೀರಿದ್ರ ಅಲ್ಲೇ ಹಾಕ್ರಿ.'

ಗಾಜಿನ ಬಾಗಿಲು ತೆರೆಯಿತು. ಹುಡುಗಿ ಬಸಿ ಹಿಡಿದು ಹೋದಳು.

ರೈಲಿನಲ್ಲಿ ಗವಿ ಕೇಳಿದಳು. 'ಏನಂದ್ಲಕ್ಕಾ ಆ ಹುಡುಗಿ?'

'ಎಲ್ಲಾ ಛಲೋ ಐತಿ ಅಂದ್ಲು' ಎಂದೆ.

'ಮೇಡಂ ಹಂತೇಕ ಹೋಗ್ಲೋ, ಸರ್ ಹಂತೇಕ ಹೋಗ್ಲೋ?'

'ನೀರು ಕೊಡದ ಮನಿಗೆ ಹೋಗ್ತೀಯೇನ?' ಎಂದು ನಕ್ಕೆ.

ಸೊಸೆಯ ಮಾತು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಅಜ್ಜಿ ಹೇಳಿದ್ದಾಳೆ, ಉಂಡ ಮನೆಯ ಬಗ್ಗೆ ಹೊರಗಿನವರ ಎದುರು ಆಡಿಕೊಳ್ಳುವವಳದು ಎಂಥ ಮಾತು ಎಂದು ನನಗೆ ನಾನೇ ಹೇಳಿಕೊಂಡೆ. ಅಜ್ಜಿ ಹೇಳಿದ್ದರ ಅರ್ಥ ಬೇರೆ. ಸೊಸೆ ಅಂಜಿ ಎಲ್ಲವನ್ನೂ ಛಲೋ ಎನ್ನುತ್ತಾಳೆ, ಅದಕ್ಕೇ ಆ ಮಾತು ನಂಬಬಾರದು ಎಂದು. ಒಬ್ಬಳು ಅಂಜಿಕೆ ಮೀರಿ ಬ್ಯಾಡ ಎಂದರೆ ಅದಕ್ಕಿಂತ ಖರೆ ಮಾತು ಇನ್ನೇನಿದೆ? ಇದು ನನಗೆ ತಿಳಿಯದ ವಿಷಯವೇನಲ್ಲ. ನಾನು ಗಂಗಾವತಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಮೈದುನನಿಗೆ ಹೆಣ್ಣು ಕೊಡಲು ಕನಕಗಿರಿಯವರು ನಮ್ಮ ಮನೆ ನೋಡಲು ಬಂದಿದ್ದರು. ಅವರಲ್ಲಿ ಒಬ್ಬ ಮುದುಕಿ ನೀರು ಕೊಟ್ಟ ನನ್ನ ಮುಂಗೈ ಹಿಡಿದು, 'ಹೆಂಗ ನೋಡ್ಕೋತಾರವಾ?' ಎಂದಳು. ಒಳಗೆ ಅತ್ತೆಯ ಬಳೆಯ ಸದ್ದು ಕೇಳಿತು. 'ಛಲೋ ನೋಡ್ಕೋತಾರ್ರಿ' ಎಂದೆ. ಹಾಗೆ ಬಂದ ನನ್ನ ನೆಗೆಣ್ಣಿ ಈಗಲೂ ಪಾತ್ರೆ ತಿಕ್ಕುವಾಗ, 'ಯಕ್ಕಾ, ನಿನ್ನ ಮಾತಿಗೆ ಅಲ್ಲೇನು ನಾ ಈ ಮನಿಗೆ ಬಂದು ಬಿದ್ದಿದ್ದು' ಎಂದು ಚುಚ್ಚುತ್ತಾಳೆ. ಚೇಷ್ಟೆಗೇ ಅನ್ನುತ್ತಾಳೆ, ಆದರೆ ಬೂದಿ ಮಾತ್ರ ಸ್ವಲ್ಪ ಜೋರಾಗಿ ತಿಕ್ಕುತ್ತಾಳೆ.

ಹಾಗಾದರೆ ಯಾಕೆ ಮುಚ್ಚಿಟ್ಟೆ? ಇಷ್ಟು ತಿರುಗಾಡಿದ್ದು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಕ್ಕೆ. ಅಲ್ಲಿ ಹಾಸ್ಟೆಲ್ ಇರಲಿಲ್ಲ, ಮೇಡಂ ಹತ್ತಿರ ಸೇರಿದರೆ ಗವಿ ನಮ್ಮ ಮನೆಯಲ್ಲೇ ಇದ್ದು ದಿನಾ ಬಸ್ಸಿಗೆ ಹೋಗಬೇಕಿತ್ತು. ಆ ಮಾತು ಬಂದ ದಿನವೇ ನಮ್ಮ ಅತ್ತೆ ಜೋಳ ಹಸನು ಮಾಡುತ್ತ ಮೊರಕ್ಕೆ ಹೇಳಿದಂತೆ ಹೇಳಿದ್ದರು: 'ಇರೋದು ಎರಡು ಖೋಲಿ. ನಿಮ್ಮ ತಂಗಿ ಎಲ್ಲಿ ಮಲಗ್ತಾಳ, ನನ್ನ ತಲಿ ಮ್ಯಾಲೆ?' ಹೊಲಿಗೆ ಮಶೀನಿನ ಮೇಲಿದ್ದ ನನ್ನ ಕಾಲು ಅಲ್ಲೇ ನಿಂತಿತು. ಐದಾರು ವರ್ಷ ದಿನಾ ಆ ಮಾತನ್ನು, ಅದರ ಹತ್ತು ಬಗೆಯನ್ನು ಕೇಳುತ್ತ ಇರಬೇಕಲ್ಲ ಎಂಬ ಅಂಜಿಕೆ. ನನ್ನ ಪಾಲಿನ ಆ ಅಂಜಿಕೆಯನ್ನು ನಾನು ನುಂಗಲಿಲ್ಲ. ಅದನ್ನು ಗಂಟು ಕಟ್ಟಿ ತಂಗಿಯ ತಲೆಯ ಮೇಲಿಟ್ಟು ದೂರದ ಊರಿಗೆ ಕಳಿಸಿದೆ. ಸ್ಟೇಷನ್ನಿನಲ್ಲಿ ಕೈ ಬೀಸಿ ನಾನು ಕಣ್ಣೀರು ಹಾಕಿದೆ ಕೂಡ. ಅದೂ ಖರೆ ಅಳುವೇ, ಅದೇ ನನಗೆ ಇನ್ನೂ ತಿಳಿಯುವುದಿಲ್ಲ.

ಮೊದಲ ತಿಂಗಳುಗಳಲ್ಲಿ ಗವಿ ಫೋನಿನಲ್ಲಿ ಉದ್ದುದ್ದ ಮಾತಾಡುತ್ತಿದ್ದಳು. ಹುಳುಗಳ ಹೆಸರು ಹೇಳುತ್ತಿದ್ದಳು, ನನಗೆ ಒಂದೂ ನಿಲ್ಲುತ್ತಿರಲಿಲ್ಲ. ಬರಬರುತ್ತ ಹುಳುಗಳ ಮಾತು ನಿಂತಿತು, ಊಟದ ಸುದ್ದಿ ಉಳಿಯಿತು. ಆಮೇಲೆ ಅದೂ ಹೋಗಿ ಒಂದೇ ಮಾತು: 'ಛಲೋ ಐತಕ್ಕಾ.' ಆ 'ಛಲೋ' ನನಗೆ ಗುರುತು ಸಿಕ್ಕಿತು. ನಾನು ಮದುವೆಯಾದ ಹೊಸದರಲ್ಲಿ ಅವ್ವನಿಗೆ ಹೇಳುತ್ತಿದ್ದ ಛಲೋ ಅದು. ಅದೇ ಅಳತೆ, ಅದೇ ಹೊಲಿಗೆ.

ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ಎಲ್ಲೇ ಇರಲಿ, ತವರಿಗೆ ಬರುತ್ತಾರೆ. ಜೋಕಾಲಿ ಕಟ್ಟುತ್ತಾರೆ. ಚಿಕ್ಕಂದಿನಲ್ಲಿ ಗವಿಯನ್ನು ಜೋಕಾಲಿಯಲ್ಲಿ ಕೂರಿಸಿ ನಾನು ಎಷ್ಟು ಜೀಕುತ್ತಿದ್ದೆನೆಂದರೆ ಅವಳ ಕಾಲು ಬೇವಿನ ಎಲೆಗೆ ತಾಗಬೇಕು. 'ಸಾಕಕ್ಕಾ, ಅಂಜಿಕಿ ಬರತೈತಿ' ಎಂದು ಅವಳು ಕೂಗಿದಷ್ಟೂ ನಾನು ಜೀಕುತ್ತಿದ್ದೆ. ಮೊದಲ ವರ್ಷ ಪಂಚಮಿಗೆ ಅವಳು ಬರಲಿಲ್ಲ, ಪ್ರಯೋಗ ನಡುವೆ ಬಿಡಲಾಗದು ಎಂದಳು. ಎರಡನೆಯ ವರ್ಷ ಫೋನು ಎತ್ತಲೇ ಇಲ್ಲ. ಮೂರು ದಿನದ ಮೇಲೆ 'ಕೆಲಸಿತ್ತು' ಎಂದು ಒಂದು ಮೆಸೇಜು ಬಂತು.

ಆ ಮೂರು ದಿನ ನಾನು ಹೇಗಿದ್ದೆ ಎಂದು ಏನು ಹೇಳಲಿ? ಟಿವಿಯಲ್ಲಿ ಹಾಸ್ಟೆಲ್ ಎಂಬ ಪದ ಬಂದರೆ ಸಾಕು, ರಿಮೋಟಿಗೆ ತಡಕಾಡುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಹೊಲಿಗೆ ಬಿಟ್ಟು ಓಡಿ ಎತ್ತುತ್ತಿದ್ದೆ. ಒಮ್ಮೆ ಅದು ಸಾಲ ಬೇಕೇ ಎಂದು ಕೇಳುವ ಹುಡುಗಿ. 'ಬ್ಯಾಡವಾ, ನೀ ಆರಾಮ ಇದ್ದೀಯಿಲ್ಲೋ?' ಎಂದು ಅವಳನ್ನೇ ಕೇಳಿದೆ. ಅವಳು ಹೆದರಿ ಫೋನು ಇಟ್ಟಳು. ಗಿರಾಕಿಯ ಬ್ಲೌಸಿಗೆ ಎರಡೂ ಎಡಗೈ ತೋಳು ಕೂರಿಸಿದೆ. 'ನನ್ನ ಗಂಡಗ ಬಲಗೈಯಾಕಿ ಬೇಕಂತ' ಎಂದು ಆಕೆ ನಗುತ್ತ ವಾಪಸ್ಸು ತಂದಳು. ನನಗೆ ನಗಲು ಬರಲಿಲ್ಲ.

ಶೇಂಗಾ ಉಂಡಿ, ಎಳ್ಳುಂಡಿ ಡಬ್ಬಿಗೆ ತುಂಬಿಕೊಂಡು ಹೊರಟುಬಿಟ್ಟೆ. ಹೇಳದೆ ಹೋದೆ. ಹೇಳಿದರೆ ಬ್ಯಾಡ ಎನ್ನುತ್ತಾಳೆಂದು ಗೊತ್ತಿತ್ತು.

ಅದೇ ಓಣಿಯಂಥ ಜಾಗ, ಅದೇ ಗಾಜಿನ ಬಾಗಿಲು. ನಾನು ಕೂತಿದ್ದ ಕುರ್ಚಿಯ ಮೇಲೆ ಧೋತರದ ಒಬ್ಬ ಹಿರಿಯರು ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಕೂತು ಮಾತಾಡಿಸಿದೆ. ಕುಷ್ಟಗಿ ಕಡೆಯವರಂತೆ. 'ಮಗಳು ಒಳಗ ಸರ್ ಕೂಡ ಮಾತಾಡಾಕ ಹತ್ಯಾಳ್ರಿ. ಇಲ್ಲಿ ಹಾಕೋಣ ಅಂತೀವಿ. ಭಾಳ ದೊಡ್ಡ ಹೆಸರಂತ' ಎಂದರು. ನನ್ನ ಕೈಯ ಡಬ್ಬಿ ನೋಡಿ, 'ಯಾರನ್ನ ನೋಡಾಕ ಬಂದೀರಿ?' ಎನ್ನುವಷ್ಟರಲ್ಲಿ ತಟ್ಟೆಯ ಮೇಲೆ ಲೋಟಗಳ ಕಿಣಿಕಿಣಿ ಸದ್ದು ಕೇಳಿತು.

ಗವಿ ಬರುತ್ತಿದ್ದಳು. ಈ ಸಲ ನಾನು ಲೋಟ ನೋಡಲಿಲ್ಲ. ಉಗುರಿನ ಸುತ್ತ ಚರ್ಮ ಕಿತ್ತಿತ್ತು, ಮುಂಗೈಯ ಎಲುಬು ಎದ್ದಿತ್ತು, ತಟ್ಟೆ ಹಿಡಿದ ಕೈ ನಡುಗುತ್ತಿತ್ತು. ನನ್ನನ್ನು ನೋಡಿ ಅವಳು ನಿಂತುಬಿಟ್ಟಳು. ಹಿರಿಯರು ನೀರು ತೆಗೆದುಕೊಂಡು ಪ್ರೀತಿಯಿಂದ ಕೇಳಿದರು: 'ಹೆಂಗದಾರವ್ವಾ ನಿಮ್ಮ ಸರ್? ಛಲೋ ನೋಡ್ಕೋತಾರೇನು?'

ಗವಿ ಬಾಗಿಲ ಕಡೆ ನೋಡಿದಳು. 'ಛಲೋ ಅದಾರ್ರಿ.'

'ಯಜಮಾನ್ರ' ಎಂದೆ. 'ಬ್ಯಾಡ್ರಿ. ನಿಮ್ಮ ಮಗಳನ್ನ ಇಲ್ಲಿ ಬಿಡಬ್ಯಾಡ್ರಿ. ಎರಡು ವರ್ಷದ ಹಿಂದ ನಾ ಇದ ಕುರ್ಚಿ ಮ್ಯಾಲೆ ಕುಂತಿದ್ದೆ. ಕೊಪ್ಪಳದ ಒಂದು ಹುಡುಗಿ ನೀರು ತಂದು ಕೊಟ್ಟು, ನಿಮ್ಮ ತಂಗೀನ ಇಲ್ಲಿ ಬಿಡಬ್ಯಾಡ್ರಿ ಅಂದಿತ್ತು. ಬರೆದು ಕೊಟ್ಟಿದ್ದು ತೆರೆದು ನೋಡಂಗಿಲ್ಲ, ಹಬ್ಬಕ್ಕ ಬಿಡಂಗಿಲ್ಲ, ಮಾಡಿದ ಕೆಲಸಕ್ಕ ಬ್ಯಾರೇದವರ ಹೆಸರು ಹಾಕ್ತಾರ ಅಂದಿತ್ತು.'

ಹಿರಿಯರು ನನ್ನನ್ನೂ ಗವಿಯನ್ನೂ ನೋಡಿದರು. 'ನಿಮಗ ಮೊದಲ ತಿಳಿದಿತ್ತಂದ್ರ ನೀವ್ಯಾಕ ಬಿಟ್ರಿ?'

ಅವರು ತಪ್ಪೇನೂ ಕೇಳಲಿಲ್ಲ. ಯಾರಾದರೂ ಕೇಳುವುದನ್ನೇ ಕೇಳಿದರು. ಗವಿಯ ಮುಖ ನೋಡುವ ಧೈರ್ಯವಾಗದೆ ಡಬ್ಬಿಯ ಮುಚ್ಚಳ ನೋಡುತ್ತ ಹೇಳಿದೆ: 'ನಮ್ಮ ಮನ್ಯಾಗ ಜಾಗ ಇರಲಿಲ್ರಿ. ಈಕಿ ನಮ್ಮ ಕಡಿನಾ ಉಳದ್ರ ನಮ್ಮತ್ತಿ ಮಾತು ಕೇಳಬೇಕಾಗತೈತಿ ಅಂತ ಅಂಜಿದೆ.'

ಗವಿ ತಟ್ಟೆಯನ್ನು ನೆಲದ ಮೇಲಿಟ್ಟಳು. ಸದ್ದಾಗದಂತೆ, ಮೆಲ್ಲಗೆ. ಹಿರಿಯರು ಎದ್ದು ಗಾಜಿನ ಬಾಗಿಲು ತಟ್ಟಿ, 'ಬಾರವಾ, ಹೋಗೋಣ' ಎಂದು ಮಗಳನ್ನು ಕರೆದರು. ನೀರು ಕುಡಿದಿರಲಿಲ್ಲ.

ಹಾಸ್ಟೆಲ್ಲಿನ ಕಟ್ಟೆಯ ಮೇಲೆ ಕೂತು ಗವಿ ಒಂದು ಶೇಂಗಾ ಉಂಡಿ ತಿಂದಳು. ಬಹಳ ಹೊತ್ತು ಅಗಿದಳು. ಬೈಯಲಿ ಎಂದು ಕಾದೆ. ಬೈಗುಳಕ್ಕೆ ನಾನು ತಯಾರಾಗಿದ್ದೆ, ಅವಳು ಆಡಿದ ಮಾತಿಗೆ ತಯಾರಿರಲಿಲ್ಲ.

'ಆ ಕೊಪ್ಪಳದ ಅಕ್ಕ ನಾ ಬಂದ ಮ್ಯಾಲೆ ಒಂದು ವರ್ಷ ಇಲ್ಲೇ ಇದ್ಲು. ನನ್ನ ಕೂಡ ಮಾತಾಡ್ತಿರಲಿಲ್ಲ. ನಮ್ಮ ಊರ ಕಡಿಯಾಕಿ ಆಗಿ ಯಾಕ ಹಿಂಗ ಮಾಡ್ತಾಳ ಅಂತ ಎಷ್ಟು ಅತ್ತೀನಿ. ಈಗ ತಿಳೀತು, ತಾ ಹೇಳಿದ್ರೂ ಕೇಳದ ನಾ ಬಂದೆ ಅಂತ ತಿಳಿದಿದ್ಲು ಅಕಿ.' ಡಬ್ಬಿ ಮುಚ್ಚಿ, 'ಸರ್ ಕಪಾಟಿನಾಗಿನ ಗೊಂಬಿ ಐತಲ್ಲ, ಅಕೀನ ತಂದು ಕೊಟ್ಟಿದ್ದು. ಬಿಟ್ಟು ಹೋಗೋ ದಿನ ಅದನ್ನ ನೋಡ್ಕೊಂತ ನಿಂತಿದ್ಲು' ಎಂದಳು.

ಆ ಹುಡುಗಿ ಡಾಕ್ಟರೇಟ್ ಇಲ್ಲದೆಯೇ ಹೋದಳಂತೆ.

ಗವಿ ನನ್ನ ಜೊತೆ ಅವತ್ತೇ ಹೊರಡಲಿಲ್ಲ. ಬಿಟ್ಟು ಬರುವುದು ಅಷ್ಟು ಸುಲಭವಿರಲಿಲ್ಲ. ಮನೆಯ ಮಗಳು ಎಂದಿದ್ದ ಸರ್ ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ತಿಂಗಳುಗಟ್ಟಲೆ ಅಲೆಸಿದರು. ಮಾಡಿದ ಕೆಲಸವೆಲ್ಲ ಅಲ್ಲೇ ಉಳಿಯಿತು. ಬರಿಗೈಯಲ್ಲಿ ಬಂದಳು. ಮೇಡಂ ಹತ್ತಿರ ಮತ್ತೆ ಮೊದಲಿನಿಂದ ಶುರು. ಅವಳ ಜೊತೆ ನಾನೂ ಹೋಗಿದ್ದೆ. ಆ ಸೀರೆಯೋ, ಅಂಥದೇ ಇನ್ನೊಂದೋ, ನೆರಿಗೆಯಲ್ಲಿ ಮತ್ತೆ ತೂತುಗಳು.

'ಅವಾಗ್ಯಾಕ ಬರಲಿಲ್ಲವಾ?' ಎಂದು ಮೇಡಂ ಕೇಳಿದರು.

'ಜಾಗ ಇರಲಿಲ್ರೀ ಮೇಡಂ' ಎಂದಳು ಗವಿ.

'ನನ್ನ ಲ್ಯಾಬಿನ್ಯಾಗ ಇತ್ತಲ್ಲ?'

ಗವಿ ನನ್ನನ್ನು ನೋಡಿದಳು. ನಾನು ನೀರು ಕುಡಿಯುವ ನೆವ ಮಾಡಿ ವರಾಂಡದ ಫಿಲ್ಟರಿಗೆ ಹೋದೆ. ನೀರು ತಣ್ಣಗಿತ್ತು.

ಈಗ ಅವಳು ನಮ್ಮ ಮನೆಯಲ್ಲೇ ಇದ್ದಾಳೆ. 'ಎಲ್ಲಿ ಮಲಗ್ತಾಳ?' ಎಂದು ಅತ್ತೆ ಕೇಳಿಯೇ ಕೇಳಿದರು. 'ನನ್ನ ಮಗ್ಗಲಾಗ ಮಲಗ್ತಾಳ. ನಿಮ್ಮ ಮಗನ್ನ ಕಟ್ಟಿ ಮ್ಯಾಲೆ ಹಾಕೀನಿ' ಎಂದೆ. ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ರೊಟ್ಟಿ ಸುಟ್ಟೈತಿ ಎಂದು ಮಾತಿಗೆ ಬಂದರು. ಇಷ್ಟೇ ಆಗಿದ್ದು. ಇಷ್ಟಕ್ಕೆ ಅಂಜಿ ನಾನು ಅಷ್ಟು ಮಾಡಿದ್ದೆ.

ಆದರೆ ಅಂಜಿಕೆ ಹೋಗಿಲ್ಲ, ಜಾಗ ಬದಲಿಸಿದೆ. ಮೊನ್ನೆ ಅಳತೆ ಕೊಡಲು ಬಂದ ಗಿರಾಕಿ, ಓದುತ್ತ ಕೂತಿದ್ದ ಗವಿಯನ್ನು ಕೇಳಿದಳು: 'ಅಕ್ಕನ ಮನ್ಯಾಗ ಛಲೋ ಐತೇನವಾ?' ಒಳಗಿದ್ದ ನನ್ನ ಕಾಲು ಮಶೀನಿನ ಮೇಲೆ ತಾನಾಗಿ ನಿಂತಿತು. ಛಲೋ ಐತ್ರಿ ಎಂದುಬಿಟ್ಟರೆ ಏನು ಮಾಡಲಿ ಎಂದು ಕಾದೆ.

'ಒಂದೊಂದು ದಿನ ಛಲೋ ಇರತೈತ್ರಿ. ಒಂದೊಂದು ದಿನ ಇರಂಗಿಲ್ಲ' ಎಂದಳು ಗವಿ.

ಅತ್ತೆ ಮೂಗು ಮುರಿದರು. ನಾನು ಹೊಲಿಗೆ ಮುಂದುವರಿಸಿದೆ.

ನನ್ನನ್ನು ಕ್ಷಮಿಸಿದೆ ಎಂದು ಅವಳು ಇಲ್ಲಿಯವರೆಗೆ ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಸಂಜೆ ಬಸ್ಸಿಳಿದು ಬಂದವಳು ಚಪ್ಪಲಿ ಬಿಟ್ಟು ಹೊಸ್ತಿಲ ಹತ್ತಿರವೇ ಕೂರುತ್ತಾಳೆ. ನೀರಿನ ಕೊಡ ಅವಳ ಕೈಗೆ ಎಟುಕುವಷ್ಟು ಹತ್ತಿರ ಇರುತ್ತದೆ. ಆದರೂ, 'ಅಕ್ಕಾ, ನೀರು ತಾ' ಎನ್ನುತ್ತಾಳೆ.

ನಾನು ಹೊಲಿಗೆ ಬಿಟ್ಟು ಎದ್ದು ಹೋಗುತ್ತೇನೆ. ಲೋಟವನ್ನು ಎರಡೆರಡು ಸಲ ತೊಳೆದು, ತುಂಬಿ, ಅವಳ ಎದುರು ಹಿಡಿಯುತ್ತೇನೆ. ಅವಳು ಕೂಡಲೇ ತೆಗೆದುಕೊಳ್ಳುವುದಿಲ್ಲ. ಲೋಟದ ಕಡೆ ನೋಡುವುದೂ ಇಲ್ಲ.

ನನ್ನ ಕೈ ನೋಡುತ್ತಾಳೆ.